ಪಾಸ್‌ವರ್ಡ್ ಅವಧಿ ಮುಗಿದರೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಬೇಕಾಗಿಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಸೈಬರ್ ವಂಚನೆ ಬಗ್ಗೆ ಒಂದು ಚಿಕ್ಕ ಬಾಕ್ಸ್ ಬಂದಿತ್ತು. ಒಟಿಪಿ ಯಾರಿಗೂ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಇವೆಲ್ಲ ಸರಿ, ಒಪ್ಪಿದೆ. ಕೊನೆಯಲ್ಲಿ ಎಲ್ಲ ಪಾಸ್‌ವರ್ಡ್‌ಗಳನ್ನೂ ತಿಂಗಳಿಗೊಮ್ಮೆ ತಪ್ಪದೆ ಬದಲಿಸಿ ಅಂತ ಒಂದು ಸಲಹೆ ಇತ್ತು ನೋಡಿ, ಅದನ್ನು ಓದಿ ನಗಬೇಕೋ ಸಿಟ್ಟಾಗಬೇಕೋ ಗೊತ್ತಾಗಲಿಲ್ಲ. ಯಾಕೆಂದರೆ ಅದಕ್ಕೆ ಸ್ವಲ್ಪ ದಿನ ಮೊದಲಷ್ಟೇ ನಮ್ಮ ಮನೆ ಕಂಪ್ಯೂಟರ್ ತಾನಾಗಿಯೇ ‘ಬದಲಿಸು’ ಅಂತ ಹಟ ಹಿಡಿದು, ನನ್ನನ್ನು ನನ್ನದೇ ಕಡತಗಳಿಂದ ಎರಡು ದಿನ ಹೊರಗೆ ನಿಲ್ಲಿಸಿತ್ತು.

ನಾನು ತುಮಕೂರಿನವನು, ಎಸ್.ಎಸ್. ಪುರಂನಲ್ಲಿ ಮನೆ, ಕೆಲಸದಿಂದ ನಿವೃತ್ತನಾಗಿ ಏಳು ವರ್ಷ ಆಯಿತು. ಗುಬ್ಬಿ ತಾಲ್ಲೂಕಿನಲ್ಲಿ ಸಣ್ಣದೊಂದು ತೆಂಗಿನ ತೋಟ ಇದೆ. ಅದರ ಲೆಕ್ಕ, ಪಹಣಿ ಪ್ರತಿಗಳು, ಪಿಂಚಣಿ ಕಾಗದ, ಮಗಳ ಮದುವೆ ಫೋಟೊ ಎಲ್ಲ ಕಂಪ್ಯೂಟರ್‌ನಲ್ಲೇ ಇಟ್ಟುಕೊಂಡಿದ್ದೇನೆ. ಇನ್ನೊಂದು ಇದೆ. ನಮ್ಮಮ್ಮ ರಾಗಿ ಬೀಸುವಾಗ ಹೇಳುತ್ತಿದ್ದ ಪದಗಳನ್ನು 2011ರಲ್ಲಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದೆ. ಅಮ್ಮ ಈಗಿಲ್ಲ, ಆ ಮೊಬೈಲೂ ಇಲ್ಲ. ಆ ದನಿ ಉಳಿದಿರುವುದು ಈ ಪೆಟ್ಟಿಗೆಯೊಳಗೆ ಮಾತ್ರ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನವರು ಬೆಂಬಲ ನಿಲ್ಲಿಸಿದರಲ್ಲ, ನಮ್ಮ ಹಳೇ ಪೆಟ್ಟಿಗೆಗೆ ವಿಂಡೋಸ್ 11 ಹಿಡಿಸಲಿಲ್ಲ. ಮಗಳು ಹೊಸದು ಕೊಡಿಸಿದಳು, ಹಳೆಯದು ಎಕ್ಸ್‌ಚೇಂಜ್‌ಗೆ ಹೋಯಿತು. ಯುಗಾದಿಗೆ ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ಮಾರನೇ ದಿನ, ವರ್ಷತೊಡಕಿನ ಊಟ ಮುಗಿಸಿ ಕೈ ತೊಳೆದುಕೊಂಡು ಅದನ್ನು ಸೆಟಪ್ ಮಾಡಲು ಕೂತ. ಮೈಕ್ರೋಸಾಫ್ಟ್‌ನವರ ಆನ್‌ಲೈನ್ ಖಾತೆ ಮಾಡಿ ಅಂತ ಅದು ಕೇಳುತ್ತಲೇ ಇತ್ತು. ನನಗೆ ಬೇಡ ಎಂದೆ. ತೋಟದ ಲೆಕ್ಕ ನೋಡಿಕೊಳ್ಳುವುದಕ್ಕೆ ಅಮೆರಿಕದಲ್ಲಿ ಯಾಕೆ ಹೆಸರು ಬರೆಸಬೇಕು, ನೀವೇ ಹೇಳಿ. ‘ಆಯ್ತು ಬಿಡಿ ಚಿಕ್ಕಪ್ಪ’ ಅಂದವನೇ ಒಂದು ಕಪ್ಪು ಕಿಟಕಿ ತೆರೆದು, ಅದರಲ್ಲಿ ಏನೋ ಎರಡು ಸಾಲು ಟೈಪ್ ಮಾಡಿ, ನನ್ನ ಹೆಸರಲ್ಲಿ ಖಾತೆ ಮಾಡಿಕೊಟ್ಟ. ಕೆಲಸ ಚೆನ್ನಾಗಿಯೇ ಆಯಿತು.

ಬುದ್ಧ ಪೂರ್ಣಿಮೆ ಆಸುಪಾಸು ಒಂದು ಸಂಜೆ. ಎಂದಿನಂತೆ ಪಾಸ್‌ವರ್ಡ್ ಹಾಕಿದೆ. ಒಳಗೆ ಬಿಡುವ ಬದಲು ಇಂಗ್ಲಿಷ್‌ನಲ್ಲಿ ಒಂದು ಸಾಲು ಬಂತು. ನಿಮ್ಮ ಪಾಸ್‌ವರ್ಡ್‌ನ ಅವಧಿ ಮುಗಿದಿದೆ, ಬದಲಿಸಲೇಬೇಕು ಅಂತ ಅದರ ಅರ್ಥ. ಹಾಲಿನ ಪ್ಯಾಕೆಟ್‌ಗೆ ಅವಧಿ ಮುಗಿಯುತ್ತದೆ, ಬಿಪಿ ಮಾತ್ರೆಗೆ ಮುಗಿಯುತ್ತದೆ, ಪಾಸ್‌ವರ್ಡ್‌ಗೂ ಮುಗಿಯುತ್ತದೆಯೇ ಅಂತ ಗಾಬರಿಯಾಯಿತು. ಸರಿಯಾಗಿ ಹೇಳಬೇಕೆಂದರೆ ಇದು ಯಾರೋ ಹ್ಯಾಕರ್‌ನ ಕೆಲಸ ಅಂತಲೇ ಅಂದುಕೊಂಡೆ. ದಿನಾ ಪೇಪರ್‌ನಲ್ಲಿ ಅದನ್ನೇ ಓದುತ್ತೇವಲ್ಲ. ಸೀದಾ ಗೋಡೆಯ ಸ್ವಿಚ್ ಆಫ್ ಮಾಡಿ ಎದ್ದುಬಿಟ್ಟೆ.

ಮಾರನೇ ಬೆಳಿಗ್ಗೆ ಧೈರ್ಯ ಮಾಡಿ ಮತ್ತೆ ಹಾಕಿದರೆ ಪಾಸ್‌ವರ್ಡೇ ತಪ್ಪು ಎನ್ನುತ್ತಿದೆ! ನಿನ್ನೆ ಅವಧಿ ಮುಗಿದಿದೆ ಎಂದದ್ದು ಇವತ್ತು ತಪ್ಪು ಎನ್ನುತ್ತದೆ ಅಂದರೆ ಹಳೆಯದು ಸತ್ತಿತು ಅಂತ ತೀರ್ಮಾನಿಸಿದೆ. ಆದರೂ ಬಿಡಲಿಲ್ಲ, ದೊಡ್ಡಕ್ಷರ, ಚಿಕ್ಕಕ್ಷರ, ಹಿಂದಿನ ಕಂಪ್ಯೂಟರಿನ ಪಾಸ್‌ವರ್ಡು, ಅದರ ಹಿಂದಿನದು, ಮಗಳ ಹುಟ್ಟಿದ ದಿನ, ಹೀಗೆ ಹತ್ತು ಸಲ ಒತ್ತಿದೆ. ಆಮೇಲೆ ಖಾತೆಗೆ ಬೀಗ ಬಿದ್ದಿದೆ ಅಂತ ಇನ್ನೊಂದು ಸಾಲು ಬಂತು. ನಮ್ಮನೆಯವಳು ಅಡುಗೆಮನೆಯಿಂದಲೇ ‘ರೀ, ಅದನ್ನ ಇನ್ನೂ ಕೆಡಿಸ್ಬೇಡಿ, ಅಂಗಡಿಗೆ ತಗೊಂಡ್ಹೋಗಿ’ ಅಂದಳು.

ಸಿಪಿಯುವನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ, ಆಟೊದಲ್ಲಿ ತೊಡೆ ಮೇಲೆ ಮಗುವಿನ ಹಾಗೆ ಇಟ್ಟುಕೊಂಡು ಬಿ.ಎಚ್. ರಸ್ತೆ ಕಡೆಯ ಒಂದು ಅಂಗಡಿಗೆ ಹೋದೆ. ಹೆಸರು ಬೇಡ. ಹುಡುಗ ವೈರ್ ಕೂಡ ಸಿಕ್ಕಿಸಲಿಲ್ಲ. ನಾನು ಹೇಳಿದ್ದು ಕೇಳಿಸಿಕೊಂಡು, ಬೇರೆ ಯಾವುದೋ ಲ್ಯಾಪ್‌ಟಾಪಿನ ಸ್ಕ್ರೂ ಬಿಚ್ಚುತ್ತಲೇ, ‘ಫಾರ್ಮ್ಯಾಟ್ ಹೊಡೀಬೇಕು ಸಾರ್, ಎಂಟುನೂರು, ಸಂಜೆ ಬನ್ನಿ’ ಅಂದ. ಒಳಗಿರುವುದೆಲ್ಲ? ‘ಡೆಸ್ಕ್‌ಟಾಪಲ್ಲಿ ಇರೋದು ಹೋಗುತ್ತೆ.’ ಇಷ್ಟು ಸಲೀಸಾಗಿ ಹೇಳಿದ. ಅಮ್ಮನ ಪದಗಳು ಡೆಸ್ಕ್‌ಟಾಪ್ ಮೇಲೆಯೇ ಇದ್ದವು, ಕಣ್ಣೆದುರಿಗೆ ಇರಲಿ ಅಂತ ನಾನೇ ಇಟ್ಟಿದ್ದೆ. ಡೆಸ್ಕ್‌ಟಾಪ್ ಎನ್ನುವುದು ಸಿ ಡ್ರೈವ್‌ನ ಒಳಗೇ ಇರುತ್ತದೆ, ವಿಂಡೋಸ್ ಅಳಿಸಿದರೆ ಅದೂ ಜೊತೆಗೆ ಹೋಗುತ್ತದೆ ಅಂತ ಆವತ್ತು ಗೊತ್ತಾಯಿತು. ಯೋಚಿಸಿ ಬರುತ್ತೇನೆ ಎಂದು ಹೇಳಿ ದುಪ್ಪಟಿ ಸುತ್ತಿಕೊಂಡು ವಾಪಸ್ ಬಂದೆ. ಆಟೊ ದುಡ್ಡು ದಂಡ.

ಸಂಜೆ ಪಕ್ಕದ ಮನೆ ಹುಡುಗಿ ಬಂದಳು, ಇಲ್ಲೇ ಎಂಜಿನಿಯರಿಂಗ್ ಓದುತ್ತಾಳೆ. ಕಂಪ್ಯೂಟರ್ ಸೈನ್ಸೂ ಅಲ್ಲ, ಸಿವಿಲ್. ‘ಅಂಕಲ್, ನೀವು ಏನು ಹಾಕ್ತೀರೋ ಅದನ್ನೇ ಹಾಕಿ, ನಾನು ಆ ಕಡೆ ನೋಡ್ತೀನಿ’ ಅಂದಳು. ಹಾಕಿದೆ, ತಪ್ಪು ಎಂದಿತು. ಆಗ ಅವಳು ಪಾಸ್‌ವರ್ಡ್ ಡಬ್ಬಿಯ ತುದಿಯಲ್ಲಿರುವ ಕಣ್ಣಿನ ಚಿತ್ರ ಒತ್ತಲು ಹೇಳಿದಳು. ಒತ್ತಿದರೆ ಚುಕ್ಕೆಗಳು ಹೋಗಿ, ಅಲ್ಲಿ ಅರ್ಥವಿಲ್ಲದ ಕನ್ನಡ ಅಕ್ಷರಗಳು! ಪರದೆಯ ಬಲಗಡೆ ಕೆಳಮೂಲೆಯಲ್ಲಿ ಕೀಬೋರ್ಡ್ ಕನ್ನಡಕ್ಕೆ ತಿರುಗಿಕೊಂಡಿತ್ತು. ನಿಮಗೆ ಪತ್ರ ಬರೆಯಲೆಂದೇ ಕನ್ನಡ ಕೀಬೋರ್ಡ್ ಹಾಕಿಸಿಕೊಂಡಿದ್ದೆ, ಹಿಂದಿನ ಸಂಜೆಯ ಗಾಬರಿಯಲ್ಲಿ ಯಾವ ಕೀಲಿ ಒತ್ತಿದ್ದೆನೋ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಚುಕ್ಕೆ ಮಾತ್ರ ಕಾಣುವ ಕಡೆ ಇದು ಯಾರಿಗೆ ಗೊತ್ತಾಗಬೇಕು?

ಇಂಗ್ಲಿಷ್‌ಗೆ ತಿರುಗಿಸಿ ಹಳೇ ಪಾಸ್‌ವರ್ಡನ್ನೇ ಹಾಕಿದೆ. ಅವಧಿ ಮುಗಿದಿದೆ ಎಂಬ ಅದೇ ಸಾಲು ಬಂತು. ‘ಓಕೆ ಒತ್ತಿ.’ ಒತ್ತಿದೆ. ಹೊಸ ಪಾಸ್‌ವರ್ಡ್ ಕೇಳಿತು, ಅದನ್ನೇ ಇನ್ನೊಮ್ಮೆ ಕೇಳಿತು, ಎಂಟರ್ ಹೊಡೆದೆ. ಒಳಗೆ ಬಂದುಬಿಟ್ಟೆ. ಎಲ್ಲ ಸೇರಿ ಮೂರು ನಿಮಿಷ ಆಗಿರಬಹುದು. ಅಮ್ಮನ ಪದ ಹಾಕಿ ಕೇಳಿದೆವು, ಆ ಹುಡುಗಿಯೂ ಕೂತು ಕೇಳಿದಳು. ತೋಟದಿಂದ ಬಂದಿದ್ದ ನಾಲ್ಕು ಎಳನೀರು ಕೊಟ್ಟು ಕಳಿಸಿದೆ.

ಸಂಪಾದಕರೇ, ನಾನು ಹೇಳಬೇಕೆಂದಿರುವುದು ಇಷ್ಟೇ, ದಯವಿಟ್ಟು ಇದನ್ನು ನಾಲ್ಕು ಜನಕ್ಕೆ ತಿಳಿಸಿ. ಅವಧಿ ಮುಗಿದ ಪಾಸ್‌ವರ್ಡ್ ಸತ್ತಿರುವುದಿಲ್ಲ. ಹೊಸ ಬೀಗ ಹಾಕಲು ಬಾಗಿಲು ತೆರೆಯಬೇಕಾದದ್ದು ಆ ಹಳೇ ಕೀಲಿಯಿಂದಲೇ. ತುಂಬಾ ಸಲ ತಪ್ಪು ಒತ್ತಿ ಖಾತೆಗೆ ಬೀಗ ಬಿದ್ದರೂ ಹೆದರಬೇಡಿ, ಈಗಿನ ವಿಂಡೋಸ್ 11ರಲ್ಲಿ ಹತ್ತು ತಪ್ಪಿಗೆ ಹತ್ತು ನಿಮಿಷ ಬೀಗ, ಕಾಫಿ ಕುಡಿದು ಬಂದರೆ ತಾನಾಗಿಯೇ ತೆರೆದಿರುತ್ತದೆ. ನಾನಂತೂ ಆ ಹತ್ತು ನಿಮಿಷಕ್ಕೆ ಹೆದರಿ ಆಟೊ ಹತ್ತಿದ್ದೆ.

ಇನ್ನು ಅವಧಿ ಯಾಕೆ ಮುಗಿಯಿತು? ಅಣ್ಣನ ಮಗನಿಗೆ ಫೋನ್ ಮಾಡಿ ಬೈದೆ. ಅವನು ಮೊದಲು ‘ಏನೂ ಆಗಲ್ಲ ಚಿಕ್ಕಪ್ಪ’ ಅಂದ, ಆಮೇಲೆ ನಾಲಿಗೆ ಕಚ್ಚಿಕೊಂಡ. ವಿಂಡೋಸ್‌ನಲ್ಲಿ ಪಾಸ್‌ವರ್ಡ್‌ನ ಗರಿಷ್ಠ ವಯಸ್ಸು 42 ದಿನ ಅಂತ ಒಂದು ಲೆಕ್ಕ ಮೊದಲಿನಿಂದಲೂ ಇದೆಯಂತೆ. ಸೆಟ್ಟಿಂಗ್ಸ್ ಮೂಲಕ ಮಾಮೂಲಾಗಿ ಖಾತೆ ಮಾಡಿಕೊಂಡವರಿಗೆ ಸಾಮಾನ್ಯವಾಗಿ ಇದರ ಬಿಸಿ ತಟ್ಟುವುದಿಲ್ಲ. ಕಪ್ಪು ಕಿಟಕಿಯಲ್ಲಿ ಆಜ್ಞೆ ಕೊಟ್ಟು ಮಾಡಿದ ಖಾತೆಗೆ ಮಾತ್ರ ಈ 42 ಅಂಟಿಕೊಳ್ಳುತ್ತದೆ. ನಾನು ಕ್ಯಾಲೆಂಡರ್ ತೆಗೆದು ಬೆರಳು ಮಡಿಸಿ ಎಣಿಸಿದೆ. ವರ್ಷತೊಡಕಿನಿಂದ ಸರಿಯಾಗಿ 42! ಐದು ದಿನ ಮೊದಲಿನಿಂದ ಅದು ಎಚ್ಚರಿಕೆ ಕೊಡುವುದು ಕ್ರಮವಂತೆ. ಮೂಲೆಯಲ್ಲಿ ಏನೋ ಬಂದು ಹೋಗುತ್ತಿತ್ತು ನಿಜ, ಜಾಹೀರಾತು ಅಂದುಕೊಂಡು ಮುಚ್ಚುತ್ತಿದ್ದೆ. ಅದು ನನ್ನ ತಪ್ಪೇ.

ಅದನ್ನು ನಿಲ್ಲಿಸುವುದು ಸುಲಭ. ಸ್ಟಾರ್ಟ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಅದೇ ಆ ಕಪ್ಪು ಕಿಟಕಿ) ಹುಡುಕಿ, ಮೌಸ್‌ನ ಬಲಗುಂಡಿ ಒತ್ತಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. ಅಲ್ಲಿ ‘ನೆಟ್ ಅಕೌಂಟ್ಸ್’ ಅಂತ ಎರಡು ಪದ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಹೊಡೆದರೆ ಪಾಸ್‌ವರ್ಡ್‌ನ ಗರಿಷ್ಠ ವಯಸ್ಸು ಎಷ್ಟು ದಿನ ಅಂತ ತೋರಿಸುತ್ತದೆ. ಅದೇ ಎರಡು ಪದ ಮತ್ತೆ ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ‘ಮ್ಯಾಕ್ಸ್‌ಪಿಡಬ್ಲ್ಯುಏಜ್’ ಅಂತ ಒಟ್ಟಿಗೆ ಬರೆದು, ಮೇಲೊಂದು ಕೆಳಗೊಂದು ಚುಕ್ಕೆ ಇಟ್ಟು, ‘ಅನ್‌ಲಿಮಿಟೆಡ್’ ಎಂದರೆ (net accounts /maxpwage:unlimited) ಮುಗಿಯಿತು. ಗೊತ್ತಿರುವವರು ಪಕ್ಕದಲ್ಲಿ ಕೂತಿದ್ದರೆ ಒಳ್ಳೆಯದು. ನಮ್ಮಲ್ಲಿ ಸಿವಿಲ್ ಎಂಜಿನಿಯರ್ ಕೂತಿದ್ದರು. ಆನ್‌ಲೈನ್ ಖಾತೆ ಇರುವವರಿಗೂ ಒಂದು ಮಾತು, ಮೈಕ್ರೋಸಾಫ್ಟ್ ಖಾತೆಯಲ್ಲಿ 72 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸುವಂತೆ ಕೇಳು ಅಂತ ಒಂದು ಚೌಕ ಇರುತ್ತದೆ. ನೀವೇ ಟಿಕ್ ಹಾಕಿದ್ದರೆ ಮಾತ್ರ ಅದು ಕೇಳುತ್ತದೆ, ಬೇಡವಾದರೆ ತೆಗೆಯಿರಿ.

ಈಗ ನಿಮ್ಮ ಬಾಕ್ಸ್‌ನ ವಿಷಯಕ್ಕೆ ಬರುತ್ತೇನೆ. ತಿಂಗಳಿಗೊಮ್ಮೆ ಬದಲಿಸಿ ಎನ್ನುವ ಮಾತು ಕೇಳಲು ಚೆಂದ. ನಾನಿದ್ದ ಕಚೇರಿಯಲ್ಲೂ ಈ ನಿಯಮ ಇತ್ತು. ಏನಾಗುತ್ತಿತ್ತು ಗೊತ್ತಾ? ಎಲ್ಲರೂ ಊರಿನ ಹೆಸರು ಹಾಕಿ ಮುಂದೆ 1, ಮುಂದಿನ ಸಲ 2, ಆಮೇಲೆ 3 ಅಂತ ಹೋಗುತ್ತಿದ್ದೆವು. 2014ರ ನವೆಂಬರ್ 1ರಂದು ಊರಿನ ಹೆಸರು ಇಂಗ್ಲಿಷ್‌ನಲ್ಲೂ ‘ತುಮಕೂರು’ ಆದಾಗ ಕೆಲವರು ಹಳೇ ಸ್ಪೆಲ್ಲಿಂಗ್, ಕೆಲವರು ಹೊಸದು, ಯಾರದ್ದು ಯಾವುದು ಅಂತ ಅವರಿಗೇ ಮರೆತು ಒಂದು ವಾರ ಸಿಸ್ಟಂ ವಿಭಾಗದವರಿಗೆ ಪುರುಸೊತ್ತು ಇರಲಿಲ್ಲ. ಉಳಿದವರು ಚೀಟಿ ಬರೆದು ಮಾನಿಟರ್‌ಗೆ ಅಂಟಿಸಿಕೊಂಡರು. ಸ್ವಲ್ಪ ನಾಚಿಕೆ ಇದ್ದವರು ಕೀಬೋರ್ಡ್ ಅಡಿಗೆ ಇಟ್ಟರು. ಕಸ ಗುಡಿಸಲು ಬರುತ್ತಿದ್ದ ಅಮ್ಮನಿಗೆ ಇಡೀ ಕಚೇರಿಯ ಪಾಸ್‌ವರ್ಡ್ ಗೊತ್ತಿತ್ತು. ಪುಣ್ಯಕ್ಕೆ ಆಕೆಗೆ ನಮ್ಮ ಕಡತಗಳಲ್ಲಿ ಆಸಕ್ತಿ ಇರಲಿಲ್ಲ.

ಇದು ನಮ್ಮ ತುಮಕೂರಿನವರ ಸೋಮಾರಿತನ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು 2010ರಲ್ಲಿ ತಮ್ಮದೇ ಹಳೇ ಖಾತೆಗಳನ್ನು ಇಟ್ಟುಕೊಂಡು ಪರೀಕ್ಷೆ ಮಾಡಿದರು. ಒಬ್ಬರ ಹಳೇ ಪಾಸ್‌ವರ್ಡ್ ಗೊತ್ತಿದ್ದರೆ ಅವರ ಹೊಸದನ್ನು ಊಹಿಸಬಹುದೇ ಅಂತ. ನೂರಕ್ಕೆ 17 ಖಾತೆಗಳಲ್ಲಿ ಐದು ಊಹೆಯೊಳಗೇ ಸಿಕ್ಕಿತು. ಯಾಕೆಂದರೆ ಅಲ್ಲಿಯೂ ಜನ 1 ಇದ್ದದ್ದನ್ನು 2 ಮಾಡುತ್ತಿದ್ದರು. ಮನುಷ್ಯ ಎಲ್ಲಿ ಹೋದರೂ ಒಂದೇ ಅಲ್ವಾ!

ಈ ನಿಯಮ ಹರಡಲು ಮುಖ್ಯ ಕಾರಣ ಅಮೆರಿಕದ ಎನ್‌ಐಎಸ್‌ಟಿ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಬಿಲ್ ಬರ್ ಎಂಬವರು 2003ರಲ್ಲಿ ಬರೆದ ಕೆಲವೇ ಪುಟಗಳು. ದೊಡ್ಡಕ್ಷರ ಇರಲಿ, ಅಂಕಿ ಇರಲಿ, ಆಗಾಗ ಬದಲಿಸಿ, ಇದೆಲ್ಲ ಅಲ್ಲಿಂದ ಬಂದದ್ದು. ಅದೇ ಮನುಷ್ಯ ನಿವೃತ್ತರಾದ ಮೇಲೆ, 2017ರಲ್ಲಿ, ಹಾಗೆ ಬರೆದದ್ದಕ್ಕೆ ಪತ್ರಿಕೆಯೊಂದರ ಮುಂದೆ ಪಶ್ಚಾತ್ತಾಪ ಪಟ್ಟರು. ಆ ವರ್ಷವೇ ಆ ಸಂಸ್ಥೆ ತನ್ನ ಮಾತು ಬದಲಿಸಿತು. ಸುಮ್ನೆ ದಿನ ಎಣಿಸಿ ಬದಲಿಸುವಂತೆ ಒತ್ತಾಯಿಸಬೇಡಿ, ಸೋರಿಕೆಯಾಗಿದೆ ಅನ್ನುವ ಗುರುತು ಸಿಕ್ಕರೆ ಮಾತ್ರ ಬದಲಿಸಲು ಹೇಳಿ ಅಂತ. 2019ರಲ್ಲಿ ಮೈಕ್ರೋಸಾಫ್ಟ್ ಕೂಡ ಕಂಪನಿಗಳಿಗೆ ಕೊಡುವ ಭದ್ರತಾ ಸಲಹೆಗಳ ಪಟ್ಟಿಯಿಂದ ಈ ಅವಧಿ ನಿಯಮವನ್ನು ಕೈಬಿಟ್ಟಿತು, ಇದು ಹಳಸಿದ ಉಪಾಯ, ಇದರಿಂದ ಲಾಭ ತೀರಾ ಕಡಿಮೆ ಎಂದು ಹೇಳಿತು. ಹಾಗೆ ಹೇಳಿದವರದೇ ವಿಂಡೋಸ್‌ನೊಳಗೆ ಆ 42 ಇನ್ನೂ ಕೂತಿದೆ. ಬೇರೆಯವರಿಗೆ ಬೇಡ ಎಂದ ಔಷಧಿಯನ್ನು ನಮಗೆ ಮಾತ್ರ ಯಾಕೆ ಕುಡಿಸುತ್ತಾರೋ!

ಬರೆದವರೇ ಬೇಡ ಎಂದ ಮೇಲೂ ನಾವು ಅದನ್ನೇ ಹಿಡಿದುಕೊಂಡಿದ್ದೇವೆ. ಮನೆಯಲ್ಲಿ ಒಬ್ಬರೋ ಇಬ್ಬರೋ ಬಳಸುವ ಕಂಪ್ಯೂಟರ್‌ಗೆ ಉದ್ದನೆಯ ಪಾಸ್‌ವರ್ಡ್ ಒಂದು ಸಾಕು, ಮೂರ್ನಾಲ್ಕು ಪದ ಸೇರಿಸಿ, ನಿಮಗೆ ಮಾತ್ರ ಹೊಳೆಯುವಂಥದ್ದು. ಬ್ಯಾಂಕಿನ ಪಾಸ್‌ವರ್ಡನ್ನೇ ಇಲ್ಲೂ ಇಡಬೇಡಿ, ಅದು ಮಾತ್ರ ನಿಜವಾಗಿಯೂ ಅಪಾಯ. ಒಂದು ಕಡೆ ಸೋರಿದರೆ ಎಲ್ಲ ಕಡೆ ಹೋಯಿತು.

ಹಳೇ ಪಾಸ್‌ವರ್ಡೇ ಮರೆತಿದ್ದರೆ? ಇದನ್ನೂ ಕೇಳಿ ತಿಳಿದುಕೊಂಡೆ, ಆ ಅಂಗಡಿ ಅನುಭವ ಆದ ಮೇಲೆ ನನಗೆ ಸಮಾಧಾನ ಇರಲಿಲ್ಲ. 2018ರ ನಂತರದ ವಿಂಡೋಸ್‌ನಲ್ಲಿ ಆನ್‌ಲೈನ್ ಅಲ್ಲದ ಮನೆ ಖಾತೆ ಮಾಡುವಾಗ ಮೂರು ಪ್ರಶ್ನೆ ಕೇಳುತ್ತದೆ, ಮೊದಲು ಸಾಕಿದ ನಾಯಿ ಹೆಸರೇನು, ಹುಟ್ಟಿದ ಊರು ಯಾವುದು ಅಂತೆಲ್ಲ. ಪಾಸ್‌ವರ್ಡ್ ತಪ್ಪಿದಾಗ ಅದರ ಕೆಳಗೆ ‘ರೀಸೆಟ್’ ಎಂದು ಬರುತ್ತದೆ, ಆ ಉತ್ತರ ಕೊಟ್ಟರೆ ಹೊಸದು ಮಾಡಿಕೊಳ್ಳಬಹುದು. ನನ್ನ ಹಾಗೆ ಕಪ್ಪು ಕಿಟಕಿಯಲ್ಲಿ ಮಾಡಿದ ಖಾತೆಗೆ ಈ ಪ್ರಶ್ನೆಗಳೂ ಇರುವುದಿಲ್ಲ, ಆಮೇಲೆ ನಾನು ಸೆಟ್ಟಿಂಗ್ಸ್‌ಗೆ ಹೋಗಿ ಸೇರಿಸಿಕೊಂಡೆ. ಮನೆಯಲ್ಲಿ ಇನ್ನೊಬ್ಬರಿಗೂ ಅಡ್ಮಿನಿಸ್ಟ್ರೇಟರ್ ಖಾತೆ ಇದ್ದರೆ ಅವರು ಒಳಗೆ ಹೋಗಿ ನಿಮ್ಮದನ್ನು ಬದಲಿಸಿಕೊಡಬಹುದು. ಈಗ ನಮ್ಮನೆಯವಳ ಹೆಸರಿನಲ್ಲೂ ಒಂದು ಇದೆ. ಆನ್‌ಲೈನ್ ಖಾತೆಯವರು ಮೊಬೈಲ್‌ನಿಂದಲೇ ‘ಮರೆತಿದ್ದೇನೆ’ ಎಂದು ಹೇಳಿ ಹೊಸದು ಪಡೆಯಬಹುದು, ಆದರೆ ಅದಕ್ಕೆ ಕೊಟ್ಟಿರುವ ಫೋನ್ ನಂಬರ್ ಈಗಲೂ ನಿಮ್ಮ ಹತ್ತಿರ ಇರಬೇಕು. ಹಳೇ ಸಿಮ್ ಬಿಸಾಡಿದವರು ಇವತ್ತೇ ಒಮ್ಮೆ ನೋಡಿಕೊಳ್ಳಿ.

ಇದು ಯಾವುದೂ ಆಗಲಿಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿ ಫೋಟೊ, ಲೆಕ್ಕ ಎಲ್ಲ ನಕಲು ಮಾಡಿಕೊಂಡು ಆಮೇಲೆ ಫಾರ್ಮ್ಯಾಟ್ ಮಾಡಬಹುದು. ಒಂದೇ ತೊಡಕು, ಆನ್‌ಲೈನ್ ಖಾತೆ ಹಾಕಿದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ನಮಗೆ ಹೇಳದೆಯೇ ಗೂಢಲಿಪಿಯಾಗಿರುತ್ತದೆ. ಅದನ್ನು ಹೊರಗಿನಿಂದ ಮುಟ್ಟಲು ಹೋದರೆ 48 ಅಂಕಿಯ ಕೀಲಿ ಕೇಳುತ್ತದೆ. ಆ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯೊಳಗೆ ಇರುತ್ತದೆ, ಈಗಲೇ ನೋಡಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅದಿಲ್ಲದಿದ್ದರೆ ಯಾವ ಅಂಗಡಿಯವನಿಂದಲೂ ಆಗುವುದಿಲ್ಲ, ಅಲ್ಲಿ ಅವನನ್ನು ಬೈದು ಪ್ರಯೋಜನ ಇಲ್ಲ.

ಅಂಗಡಿ ಹುಡುಗರ ಮೇಲೆ ನನಗೆ ದ್ವೇಷ ಇಲ್ಲ. ದಿನಕ್ಕೆ ಹತ್ತು ಪೆಟ್ಟಿಗೆ ಬರುತ್ತವೆ, ಫಾರ್ಮ್ಯಾಟ್ ಮಾಡಿದರೆ ಕೆಲಸ ಖಾತ್ರಿ, ದುಡ್ಡೂ ಖಾತ್ರಿ. ಆದರೆ ಪಾಸ್‌ವರ್ಡ್ ನೆನಪಿದೆಯಾ ಎಂದು ಒಂದು ಮಾತು ಕೇಳಬಹುದಿತ್ತು. ಒಳಗೆ ಬೇಕಾದದ್ದು ಏನಾದರೂ ಇದೆಯಾ ಅಂತ ಅವನಾಗಿಯೇ ಕೇಳಬೇಕಿತ್ತು, ನಾನು ಕೇಳಿದ ಮೇಲೆ ಹೇಳುವುದಲ್ಲ. ನನ್ನ ವಯಸ್ಸಿನವರು ಎಷ್ಟು ಜನ ‘ಆಯ್ತಪ್ಪ, ಮಾಡು’ ಅಂದು ಸುಮ್ಮನೆ ಬಂದಿರುತ್ತಾರೋ, ಏನೇನು ಕಳೆದುಕೊಂಡಿರುತ್ತಾರೋ.

ನಿಮ್ಮ ಬಾಕ್ಸ್ ಮತ್ತೆ ಬರುವಾಗ ಆ ಕೊನೆಯ ಸಾಲು ತೆಗೆದು, ಬೇಕಾದ ಕಡತಗಳನ್ನು ಒಂದು ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇಡಿ ಅಂತ ಹಾಕಿ. ನಾನು ಎರಡು ಪೆನ್‌ಡ್ರೈವ್ ತಂದು ಅಮ್ಮನ ಪದಗಳನ್ನು ಹಾಕಿಟ್ಟೆ, ಒಂದು ಬೀರುವಿನಲ್ಲಿದೆ, ಇನ್ನೊಂದು ಮಗಳ ಮನೆಗೆ ಹೋಯಿತು. ಹೊಸ ಪಾಸ್‌ವರ್ಡ್ ಬರೆದ ಚೀಟಿ ಪಂಚಾಂಗದ ಒಳಗಿದೆ. ಯಾವ ಪುಟ ಅಂತ ನಮ್ಮನೆಯವಳಿಗೆ ಹೇಳಿದ್ದೇನೆ, ನಿಮಗೆ ಹೇಳುವುದಿಲ್ಲ.

ಇಂತಿ ನಿಮ್ಮ ಓದುಗ,
ನಿವೃತ್ತ ನೌಕರ, ಎಸ್.ಎಸ್. ಪುರಂ, ತುಮಕೂರು